ಸೆಕ್ಟರ್ ಮೂಲೆಯ ಕಾಫಿ ಅಂಗಡಿ ಉಳಿಯಬೇಕು

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ ಹತ್ತಿರ ಒಂದು ಸಣ್ಣ ಚಹಾ-ಕಾಫಿ ಅಂಗಡಿ ಇದೆ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಈಗ ಹುಡುಗರು ಎಸಿ ಕೆಫೆ ಕಡೆ ಹೋಗುತ್ತಾರೆ. ಆಫೀಸುಗಳಲ್ಲಿ ಗುಂಡಿ ಒತ್ತಿದರೆ ಚಹಾ ಸುರಿಯುವ ಮಷೀನ್ ಬಂದಿವೆ. ಅಂಗಡಿಯ ವ್ಯಾಪಾರ ಇಳಿದಿದೆ. ಅದು ಮುಚ್ಚಿದರೆ ನಷ್ಟ ನಮಗೂ ಇದೆ.

ಮೊದಲು ದುಡ್ಡಿನ ಮಾತು. ಅಲ್ಲಿಗೆ ಎಮ್ಮೆ ಹಾಲು ಬರುವುದು ಪಕ್ಕದ ಹಳ್ಳಿಯಿಂದ, ಬೈಕಿಗೆ ಕ್ಯಾನ್ ಕಟ್ಟಿಕೊಂಡು. ಖಾರಿ, ಟೋಸ್ಟ್ ಊರಿನ ಬೇಕರಿಯದು. ಬೆಲ್ಲ ಮಹಾಲಿಂಗಪುರದ್ದು. ಕಾಫಿ ಪುಡಿ ಮಾತ್ರ ದೂರದ ಚಿಕ್ಕಮಗಳೂರಿನದು. ಅದೂ ನಮ್ಮ ರಾಜ್ಯದ್ದೇ ಅಲ್ವಾ, ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದಲ್ಲೇ ಬೆಳೆಯುತ್ತದೆ. ಉಳಿದ ಲಾಭ ಇಲ್ಲಿನ ಸಂತೆಗೆ, ಮಕ್ಕಳ ಫೀಗೆ, ಟೇಲರಿಗೆ ಹೋಗುತ್ತದೆ. ದೊಡ್ಡ ಕಂಪನಿಯ ಕೆಫೆಯಲ್ಲೂ ಹುಡುಗರ ಪಗಾರ, ಕಟ್ಟಡದ ಬಾಡಿಗೆ ಊರಲ್ಲೇ ಉಳಿಯುತ್ತವೆ, ಒಪ್ಪುತ್ತೇನೆ. ಲಾಭ ಮಾತ್ರ ಬೇರೆ ಊರಿನ ಖಾತೆ ಸೇರುತ್ತದೆ.

ಬಾಗಲಕೋಟೆಯವರಿಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಾವು ಮುಳುಗಡೆ ಊರಿನವರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದಾಗ ಎಷ್ಟೋ ಮನೆತನಗಳು ಓಣಿ ಬಿಟ್ಟು ಇಲ್ಲಿಗೆ ಬಂದವು. ಪರಿಹಾರ ಸಿಕ್ಕಿತು, ಪ್ಲಾಟ್ ಸಿಕ್ಕಿತು, ಅಗಲವಾದ ರಸ್ತೆ ಸಿಕ್ಕಿತು. ಆದರೆ ಸೆಕ್ಟರಿಗೆ ನಂಬರ್ ಕೊಟ್ಟವರು ಕೂರಲು ಒಂದು ಕಟ್ಟೆ ಕೊಡಲಿಲ್ಲ. ಹಳೇ ಊರಿನ ಕಿಲ್ಲಾದಲ್ಲಿ ಗೋಡೆಗೆ ಗೋಡೆ ಹಚ್ಚಿ ಬದುಕಿದವರು ಒಬ್ಬರು ಒಂದು ಸೆಕ್ಟರ್, ಇನ್ನೊಬ್ಬರು ಇನ್ನೊಂದು ಸೆಕ್ಟರ್ ಆದರು. ನಮ್ಮ ತಂದೆಯವರು ಹೊಸದರಲ್ಲಿ ಸಂಜೆಯಾದರೆ ಸುಮ್ನೆ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯುತ್ತಿರಲಿಲ್ಲ. ವೆಂಕಟಪೇಟೆಯ ಹಳೇ ಗೆಳೆಯರು ಮತ್ತೆ ಸಿಕ್ಕಿದ್ದು ಈ ಅಂಗಡಿಯ ಬೆಂಚಿನ ಮೇಲೆ. ಹೋಳಿ ಹಬ್ಬಕ್ಕೆ ಹಲಗಿ ಯಾರು ತರಬೇಕು, ಬಣ್ಣದ ಬಂಡಿ ನೋಡಲು ಹಳೇ ಊರಿಗೆ ಎಷ್ಟೊತ್ತಿಗೆ ಹೊರಡಬೇಕು, ಎಲ್ಲಾ ಅಲ್ಲೇ ತೀರ್ಮಾನ ಆಗುತ್ತಿತ್ತು. ಈಗಲೂ ಆಗುತ್ತದೆ.

ಯಾರಾದರೂ ಹಿರಿಯರು ಒಂದು ದಿನ ಬರದಿದ್ದರೆ ಅಂಗಡಿಯ ಅಕ್ಕಾರು ಮನೆಗೆ ಫೋನ್ ಮಾಡುತ್ತಾರೆ. "ಅಜ್ಜಾರು ಆರಾಮ ಅದಾರಲ್ರಿ?" ಅಂತ ಕೇಳುತ್ತಾರೆ. ರೂಮು ಮಾಡಿಕೊಂಡು ಓದುವ ಹುಡುಗರಿಗೆ ಉದ್ರಿ ಬರೆದುಕೊಳ್ಳುತ್ತಾರೆ, ಊರಿಂದ ದುಡ್ಡು ಬಂದಾಗ ಅವರು ತೀರಿಸುತ್ತಾರೆ. ಇಂಥ ಕೆಲಸಕ್ಕೆ ಯಾರೂ ಬಿಲ್ ಮಾಡುವುದಿಲ್ಲ. ಆದರೆ ನಾವು ದಿನಾ ಕಾಫಿ ಕುಡಿದರೆ ಮಾತ್ರ ಇದೆಲ್ಲ ನಡೆಯುತ್ತದೆ.

ಸಾಲ ಸಿಗುತ್ತದಲ್ಲ ಅನ್ನುತ್ತೀರಿ. ಬೀದಿ ವ್ಯಾಪಾರಿಗಳಿಗಾಗಿ 2020ರಲ್ಲಿ ಪಿಎಂ ಸ್ವನಿಧಿ ಶುರುವಾದಾಗ ಮೊದಲ ಸಾಲ 10,000 ರೂಪಾಯಿವರೆಗೆ ಇತ್ತು. ಒಳ್ಳೆಯ ಯೋಜನೆ. ಗಾಡಿ, ಒಲೆ, ಪಾತ್ರೆ ಸಾಲದಿಂದ ಬರಬಹುದು. ಕಂತು ಕಟ್ಟಲು ಗಿರಾಕಿ ಬೇಕು.

ಹಾಗಾಗಿ ಸಂಘದ ಸಭೆ, ಬ್ಯಾಂಕಿನ ಮೀಟಿಂಗ್, ಶಾಲೆಯ ಪಾಲಕರ ಸಭೆ ಏನೇ ಇರಲಿ, ಚಹಾ ಇಂಥ ಅಂಗಡಿಯಿಂದ ತರಿಸಿ. ಹಾಲಿನ ರೇಟು ಏರಿ ಅವರು ಎರಡು ರೂಪಾಯಿ ಜಾಸ್ತಿ ಮಾಡಿದರೆ ಜಗಳ ಮಾಡಬೇಡಿ. ಪೇಪರ್ ಕಪ್ ಬೇಡ, ಗಾಜಿನ ಗ್ಲಾಸಿನಲ್ಲೇ ಕೊಡ್ರಿ ಅನ್ನಿ, ಅವರ ಖರ್ಚೂ ಉಳಿಯುತ್ತದೆ.

ಅಧಿಕಾರಿಗಳಿಗೂ ಒಂದು ಮಾತು. ಆಲಮಟ್ಟಿಯ ನೀರಿನ ಮಟ್ಟ 519.6ರಿಂದ 524.256 ಮೀಟರಿಗೆ ಏರಿದರೆ ಇನ್ನಷ್ಟು ಜನ ಮನೆ ಬಿಟ್ಟು ಬರುತ್ತಾರೆ. ಅವರಿಗಾಗಿ ಹೊಸ ಬಡಾವಣೆಯ ನಕ್ಷೆ ಬರೆಯುವಾಗಲೇ ಪ್ರತಿ ಮೂಲೆಗೂ ಒಂದು ಸಣ್ಣ ಚಹಾ ಅಂಗಡಿಯ ಜಾಗ ಗುರುತು ಮಾಡಿ. ಬಾಡಿಗೆ ಕಡಿಮೆ ಇಡಿ. ಹಳೇ ಊರಿನಲ್ಲಿ ಹೋಟೆಲ್ ನಡೆಸಿದವರನ್ನೇ ಮೊದಲು ಕರೆದು ಕೊಡಿ.