ಸಿಎಇಯಲ್ಲೇ ಎಂ.ಟೆಕ್ ಮಾಡಬೇಕೇ? ಪರ – ವಿರೋಧ

ಮೆಕ್ಯಾನಿಕಲ್, ಆಟೊಮೊಬೈಲ್, ಏರೋನಾಟಿಕಲ್ ವಿಭಾಗಗಳಲ್ಲಿ ಬಿ.ಇ. ಮುಗಿಸುವವರ ಮುಂದೆ ಕೊನೆಯ ವರ್ಷದಲ್ಲಿ ಬಂದು ನಿಲ್ಲುವ ಪ್ರಶ್ನೆಗಳಲ್ಲಿ ಇದೂ ಒಂದು. ಒಂದು ಬಿಡಿಭಾಗ ಎಷ್ಟು ಭಾರ ತಾಳುತ್ತದೆ, ಎಲ್ಲಿ ಬಿಸಿಯಾಗುತ್ತದೆ, ಎಷ್ಟು ಕಂಪಿಸುತ್ತದೆ ಎಂಬುದನ್ನು ಅದನ್ನು ತಯಾರಿಸುವ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವ ವಿದ್ಯೆಯೇ ಕಂಪ್ಯೂಟರ್ ನೆರವಿನ ಎಂಜಿನಿಯರಿಂಗ್, ಅಂದರೆ ಸಿಎಇ. ಇದನ್ನೇ ಎರಡು ವರ್ಷದ ಪ್ರತ್ಯೇಕ ಸ್ನಾತಕೋತ್ತರ ಪದವಿಯಾಗಿ ಓದುವುದು ಸರಿಯೇ, ಅಥವಾ ಮೆಷಿನ್ ಡಿಸೈನ್, ಥರ್ಮಲ್, ಸ್ಟ್ರಕ್ಚರಲ್‌ನಂಥ ಮೂಲ ವಿಷಯವೊಂದನ್ನು ಓದುತ್ತ ಇದನ್ನು ಅದರ ಜೊತೆಗೆ ಕಲಿಯುವುದು ಸರಿಯೇ?

ಪರ

ಬಿ.ಇ. ಹಂತದಲ್ಲಿ ಸಿಎಇಗೆ ಸಿಗುವ ಜಾಗ ತೀರ ಕಿರಿದು. ಮೊದಲ ವರ್ಷದಲ್ಲಿ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬರೆಯುವುದನ್ನು ಕಲಿಸುತ್ತಾರೆ. ಮುಂದೆ ಒಂದು ಸೆಮಿಸ್ಟರಿನಲ್ಲಿ ಫೈನೈಟ್ ಎಲಿಮೆಂಟ್ ವಿಧಾನದ (ವಸ್ತುವನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ವಿಧಾನ) ಒಂದು ಪತ್ರಿಕೆ, ಒಂದು ಲ್ಯಾಬ್. ಪರೀಕ್ಷೆಯಲ್ಲಿ ಎರಡು ಮೂರು ಎಲಿಮೆಂಟುಗಳ ಟ್ರಸ್ಸನ್ನೋ ತೊಲೆಯನ್ನೋ ಕೈಲೆಕ್ಕದಲ್ಲಿ ಬಿಡಿಸಿ ಅಂಕ ಗಳಿಸುತ್ತಾರೆ, ಲ್ಯಾಬಿನಲ್ಲಿ ಕೈಪಿಡಿ ಹೇಳಿದ ಕ್ರಮದಲ್ಲಿ ಕ್ಲಿಕ್ ಮಾಡಿ ಬಣ್ಣದ ಚಿತ್ರ ಪಡೆಯುತ್ತಾರೆ. ಆ ಲೆಕ್ಕಕ್ಕೂ ಈ ಚಿತ್ರಕ್ಕೂ ಇರುವ ಸಂಬಂಧ ಮನಸ್ಸಿಗೆ ಹತ್ತುವ ಮೊದಲೇ ಸೆಮಿಸ್ಟರ್ ಮುಗಿದಿರುತ್ತದೆ.

ಉದ್ಯಮ ಕೇಳುವುದು ಇದಕ್ಕಿಂತ ಬಹಳ ಹೆಚ್ಚಿನದನ್ನು. 2023ರ ಅಕ್ಟೋಬರ್ 1ರಿಂದ ಕಾರುಗಳಿಗೆ ಸುರಕ್ಷತೆಯ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂದ ಮೇಲೆ ಕಾರಿನ ಅಪಘಾತ ಸುರಕ್ಷತೆ ಸಾಮಾನ್ಯ ಗ್ರಾಹಕರೂ ವಿಚಾರಿಸುವ ಸಂಗತಿಯಾಗಿದೆ. ಗಂಟೆಗೆ 64 ಕಿ.ಮೀ. ವೇಗದಲ್ಲಿ ನಡೆಯುವ ಮುಂಭಾಗದ ಡಿಕ್ಕಿ ಪರೀಕ್ಷೆಗೆ ನಿಜವಾದ ಕಾರನ್ನು ಒಡ್ಡುವ ಮುನ್ನ ಅದೇ ಡಿಕ್ಕಿಯನ್ನು ಕಂಪ್ಯೂಟರಿನಲ್ಲಿ ಹತ್ತಾರು ಬಾರಿ ನಡೆಸಿ ನೋಡಿರುತ್ತಾರೆ. ಅದರ ಒಳಗಿನ ಲೆಕ್ಕವನ್ನು ಗಮನಿಸಿ. ಉಕ್ಕಿನಲ್ಲಿ ಶಬ್ದದ ಅಲೆ ಸೆಕೆಂಡಿಗೆ ಸುಮಾರು 5,000 ಮೀಟರ್ ಸಾಗುತ್ತದೆ. ಮೆಶ್‌ನ, ಅಂದರೆ ಆ ತುಂಡುಗಳ ಬಲೆಯ, ಅತಿ ಚಿಕ್ಕ ಎಲಿಮೆಂಟ್ 5 ಮಿ.ಮೀ. ಇದ್ದರೆ ಆ ಅಲೆ ಅದನ್ನು ದಾಟಲು ಬೇಕಾಗುವುದು ಒಂದು ಮೈಕ್ರೊಸೆಕೆಂಡ್. ಲೆಕ್ಕದ ಒಂದೊಂದು ಹೆಜ್ಜೆ ಅದಕ್ಕಿಂತ ದೊಡ್ಡದಾಗಿರುವಂತಿಲ್ಲ. ಹಾಗಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿದುಹೋಗುವ ಡಿಕ್ಕಿಗೆ ಒಂದು ಲಕ್ಷ ಹೆಜ್ಜೆಗಳು ಬೇಕಾಗುತ್ತವೆ. ಯಾರೋ ಅಜಾಗರೂಕತೆಯಿಂದ ಬಿಟ್ಟ ಅರ್ಧ ಮಿ.ಮೀ.ನ ಒಂದೇ ಎಲಿಮೆಂಟ್ ಈ ಇಡೀ ಲೆಕ್ಕದ ಅವಧಿಯನ್ನು ಹತ್ತು ಪಟ್ಟು ಹಿಗ್ಗಿಸಬಲ್ಲದು, ಮತ್ತು ಅದನ್ನು ತಪ್ಪಿಸಲೆಂದು, ಅಲೆ ನಿಧಾನವಾಗುವಂತೆ ಆ ಎಲಿಮೆಂಟಿಗೆ ಕೃತಕವಾಗಿ ತೂಕ ಸೇರಿಸಿದರೆ ಉತ್ತರವೇ ಕೆಡಬಹುದು. ಇಂಥದ್ದನ್ನು ಮೂರು ತಿಂಗಳ ತರಬೇತಿ ಸಂಸ್ಥೆಯಲ್ಲಿ ಯಾರೂ ಕಲಿಸುವುದಿಲ್ಲ. ಅಲ್ಲಿ ಕಲಿಸುವುದು ಮೆನುವಿನಲ್ಲಿ ಏನು ಎಲ್ಲಿದೆ ಎಂಬುದನ್ನು.

ಅರೆಬರೆ ತಿಳಿವಳಿಕೆಯ ಬೆಲೆ ಏನೆಂಬುದಕ್ಕೆ ನಾರ್ವೆಯ ಸ್ಲೈಪ್ನರ್ ಎ ಪ್ರಕರಣವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಬೇಕು. ಸಮುದ್ರದಲ್ಲಿ ತೈಲ ಮತ್ತು ಅನಿಲ ತೆಗೆಯುವ ವೇದಿಕೆಗೆಂದು ಕಟ್ಟಿದ ಬೃಹತ್ ಕಾಂಕ್ರೀಟ್ ಬುಡ 1991ರ ಆಗಸ್ಟ್ 23ರಂದು, ಸ್ಟಾವಂಗರ್ ಬಳಿಯ ಗಾಂಡ್ಸ್‌ಫ್ಯೋರ್ಡ್‌ನಲ್ಲಿ ಅದನ್ನು ನಿಧಾನವಾಗಿ ನೀರಿಗಿಳಿಸುತ್ತಿದ್ದಾಗ, ಗೋಡೆ ಬಿರಿದು ಮುಳುಗಿಹೋಯಿತು. ಸುಮಾರು 70 ಕೋಟಿ ಡಾಲರ್ ನಷ್ಟವಾಯಿತು. ಆ ಬುಡದ ಮೂರು ಟೊಳ್ಳು ಕೋಶಗಳು ಕೂಡುವ ಜಾಗದಲ್ಲಿ ಮೆಶ್ ಒರಟಾಗಿದ್ದುದರಿಂದ ಫೈನೈಟ್ ಎಲಿಮೆಂಟ್ ಲೆಕ್ಕವು ಅಲ್ಲಿನ ಕತ್ತರಿ ಬಲವನ್ನು (ಗೋಡೆಯನ್ನು ಅಡ್ಡಕ್ಕೆ ಕತ್ತರಿಸುವಂತೆ ಒತ್ತುವ ಬಲ) ಇರಬೇಕಾದುದಕ್ಕಿಂತ ಶೇ 47ರಷ್ಟು ಕಡಿಮೆ ತೋರಿಸಿತ್ತು. ಗೋಡೆಯ ದಪ್ಪವನ್ನು ಆ ಅಂಕಿಯನ್ನು ನಂಬಿಯೇ ನಿರ್ಧರಿಸಲಾಗಿತ್ತು. ಸಾಫ್ಟ್‌ವೇರ್ ತನಗೆ ಕೊಟ್ಟ ಸಮಸ್ಯೆಯನ್ನು ಬಿಡಿಸಿತ್ತು. ಯಾವ ಎಲಿಮೆಂಟ್ ಯಾವ ಬಲವನ್ನು ಎಷ್ಟು ನಿಖರವಾಗಿ ಹಿಡಿಯಬಲ್ಲದು ಎಂಬುದನ್ನು ಅರಿತು ಪ್ರಶ್ನಿಸುವ ಕಣ್ಣು ಅಲ್ಲಿ ಬೇಕಿತ್ತು, ಮತ್ತು ಆ ಕಣ್ಣು ಮೂಡುವುದು ಗಣಿತದಿಂದ. ನಾಲ್ಕು ನೋಡ್‌ಗಳ (ಮೂಲೆಬಿಂದುಗಳ), ಪಿರಮಿಡ್ಡಿನಂಥ ಟೆಟ್ರಾ ಎಲಿಮೆಂಟ್ ಬಾಗಬೇಕಾದಲ್ಲಿ ಏಕೆ ಬಿಗಿಯಾಗಿ ನಿಂತುಬಿಡುತ್ತದೆ ಎಂಬುದು ಎಲಿಮೆಂಟಿನ ಒಳಗಿನ ಚಲನೆಯನ್ನು ಹೇಳುವ ಶೇಪ್ ಫಂಕ್ಷನ್‌ಗಳನ್ನು ತಾನೇ ಬರೆದು, ಲೆಕ್ಕ ಬಿಡಿಸುವ ಚಿಕ್ಕದೊಂದು ಸಾಲ್ವರನ್ನು ತಾನೇ ಕೋಡ್ ಮಾಡಿ ನೋಡಿದವನಿಗೆ ಅರ್ಥವಾಗುವಷ್ಟು ಬೇರೆಯವರಿಗೆ ಆಗದು. ಅದಕ್ಕೆ ಬೇಕಾದ ಬಿಡುವು ವಿಶ್ವವಿದ್ಯಾಲಯದಲ್ಲಿ ಮಾತ್ರ ಸಿಗುತ್ತದೆ.

ಕರ್ನಾಟಕದ ವಿದ್ಯಾರ್ಥಿಗೆ ಸ್ಥಳದ ಅನುಕೂಲವೂ ಇದೆ. ಮರ್ಸಿಡಿಸ್ ಬೆಂಜ್ 1996ರಲ್ಲಿ, ಜಿಇ 2000ದಲ್ಲಿ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆದವು. ವಿಮಾನ ಕ್ಷೇತ್ರದ ಎಚ್‌ಎಎಲ್, ಎನ್‌ಎಎಲ್ ಅದಕ್ಕೂ ಎಷ್ಟೋ ಹಿಂದಿನವು. ಇಲ್ಲಿ ಸಿಎಇ ಕೆಲಸವೆಂದರೆ ಒಂದು ಪೂರ್ಣ ವೃತ್ತಿ. ಗೇಟ್ ಪ್ರವೇಶ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಪೂರ್ಣಾವಧಿ ಎಂ.ಟೆಕ್ ಸೇರಿದವರಿಗೆ ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಕೊಡುವ ವ್ಯವಸ್ಥೆಯಿದೆ. ಮನೆಯವರಿಗೆ ಭಾರವಾಗದಂತೆ ಓದಲು ಅದು ಸಾಲದಿದ್ದರೂ ಬಹುಮಟ್ಟಿಗೆ ನೆರವಾಗುತ್ತದೆ.

ವಿರೋಧ

ಸ್ಲೈಪ್ನರ್ ಪ್ರಕರಣವನ್ನು ಇನ್ನೊಂದು ಕಡೆಯಿಂದಲೂ ಓದಬಹುದು. ಅಷ್ಟು ಆಳದ ನೀರಿನ ಒತ್ತಡ ಆ ಗೋಡೆಯ ಮೇಲೆ ಎಷ್ಟು ಬಲ ಹಾಕುತ್ತದೆ, ಅದು ಗೋಡೆಯ ಅಂಚಿಗೆ ಎಷ್ಟು ಬಂದು ಸೇರಬೇಕು ಎಂಬುದನ್ನು ಕಾಗದದ ಮೇಲೆ ತೊಲೆಯ ಲೆಕ್ಕದಂತೆ ಹಾಕಿ ನೋಡುವ ಅಭ್ಯಾಸ ಇದ್ದಿದ್ದರೆ, ಅರ್ಧದಷ್ಟು ಕಡಿಮೆ ಬಂದ ಅಂಕಿ ಅಲ್ಲೇ ಕಣ್ಣಿಗೆ ಬೀಳಬೇಕಿತ್ತು. ಆ ಅಭ್ಯಾಸ ಬರುವುದು ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದಿನಿಂದ. ಸಿಎಇ ಒಂದು ವಿಧಾನ. ಯಾವ ವಸ್ತುವಿನ ಬಗ್ಗೆ ಆ ವಿಧಾನವನ್ನು ಬಳಸುತ್ತೇವೋ ಆ ವಸ್ತುವಿನ ಜ್ಞಾನ ಮೊದಲು ಬರಬೇಕು ಎಂಬುದೇ ನಮ್ಮ ಆಕ್ಷೇಪದ ತಿರುಳು.

ಒಂದು ಸಣ್ಣ ಉದಾಹರಣೆ ಸಾಕು. ಎಲ್ ಆಕಾರದ ಬ್ರ್ಯಾಕೆಟ್ ಒಂದರ ಒಳಮೂಲೆಯನ್ನು ವಿದ್ಯಾರ್ಥಿ ಚೂಪಾಗಿಯೇ ಮಾಡೆಲ್ ಮಾಡಿ ಭಾರ ಹಾಕುತ್ತಾನೆ. ಮೂಲೆಯಲ್ಲಿ ಹೆಚ್ಚಿನ ಸ್ಟ್ರೆಸ್ (ಒಳಒತ್ತಡ) ಸೂಚಿಸುವ ಕೆಂಪು ಬಣ್ಣ ಕಾಣುತ್ತದೆ. ನಿಖರತೆಗೆಂದು ಮೆಶ್‌ನ ಎಲಿಮೆಂಟ್ ಅಳತೆಯನ್ನು ಅರ್ಧಕ್ಕೆ ಇಳಿಸಿದರೆ ಸ್ಟ್ರೆಸ್ ಸುಮಾರು ಮೂರನೇ ಒಂದು ಭಾಗ ಏರುತ್ತದೆ, ಮತ್ತೆ ಅರ್ಧಕ್ಕೆ ಇಳಿಸಿದರೆ ಮತ್ತೆ ಏರುತ್ತದೆ. ಅದಕ್ಕೆ ಕೊನೆಯೇ ಇಲ್ಲ, ಏಕೆಂದರೆ ಸಿದ್ಧಾಂತದ ಪ್ರಕಾರ ಚೂಪು ಮೂಲೆಯಲ್ಲಿ ಸ್ಟ್ರೆಸ್ ಅನಂತ. ಮೂಲೆಯನ್ನು ದುಂಡಗಾಗಿಸುವ ಫಿಲೆಟ್ ಸೇರಿಸಬೇಕೆಂದು ಸಿಎಇ ಓದಿದವನೂ ಹೇಳಬಲ್ಲ, ಒಪ್ಪೋಣ. ಆದರೆ ಅದರ ತ್ರಿಜ್ಯ ಎಷ್ಟಿರಬೇಕು? ಅದನ್ನು ಹೇಳುವುದು ಟೂಲಿನ ತುದಿ, ಎರಕದ ಅಚ್ಚು, ಲೋಹದ ಮೆದುತನ, ಭಾರ ಒಮ್ಮೆ ಬೀಳುತ್ತದೋ ಲಕ್ಷಾಂತರ ಬಾರಿ ಬೀಳುತ್ತದೋ ಎಂಬ ವಿವರ. ಬೆಳಗಾವಿಯ ಫೌಂಡ್ರಿಯಲ್ಲಿ ಎರಕ ಹೊಯ್ದ ಭಾಗದ ದಪ್ಪ ಜಾಗದಲ್ಲಿ ಲೋಹ ಕೊನೆಗೆ ಗಟ್ಟಿಯಾಗುವಾಗ ಕುಗ್ಗಿ ಒಳಗೆ ಟೊಳ್ಳು ಉಳಿಯಬಹುದು. ಮಾಮೂಲಿ ಸ್ಟ್ರೆಸ್ ಮಾಡೆಲ್‌ನಲ್ಲಿ ಅದೇ ಜಾಗ ಗಟ್ಟಿ ಉಕ್ಕಿನ ಮುದ್ದೆ. ಪೀಣ್ಯದ ಶಾಪ್‌ಫ್ಲೋರಿನಲ್ಲಿ ಬೋಲ್ಟನ್ನು ಎಷ್ಟು ಬಿಗಿದಿದ್ದಾರೆ ಎಂಬುದು ಮೆಶ್ ಎಷ್ಟೇ ನುಣುಪಾಗಿದ್ದರೂ ಕಂಪ್ಯೂಟರಿಗೆ ತಿಳಿಯದು. ಭಾಗವನ್ನು ಎಲ್ಲಿ ಹೇಗೆ ಹಿಡಿದಿದೆ, ಭಾರ ಎಲ್ಲಿ ಬೀಳುತ್ತದೆ ಎಂಬ ಬೌಂಡರಿ ಕಂಡಿಷನ್ ತಪ್ಪಿದರೆ ಉಳಿದೆಲ್ಲ ಸರಿಯಿದ್ದೂ ಉತ್ತರ ತಪ್ಪು.

ಪರ ವಾದ ಹೇಳುವ ಗಣಿತ ಮೆಷಿನ್ ಡಿಸೈನ್ ಎಂ.ಟೆಕ್‌ನಲ್ಲೂ ಇದೆ. ಫೈನೈಟ್ ಎಲಿಮೆಂಟ್ ವಿಧಾನ ಅಲ್ಲಿ ಮುಖ್ಯ ಪತ್ರಿಕೆ. ಅದರೊಂದಿಗೆ ಫ್ಯಾಟಿಗ್ (ಮತ್ತೆ ಮತ್ತೆ ಬೀಳುವ ಭಾರದಿಂದ ಲೋಹ ಸೋಲುವುದು), ಕಂಪನ, ಸ್ಥಿತಿಸ್ಥಾಪಕತೆಯ ಸಿದ್ಧಾಂತಗಳೂ ಇರುತ್ತವೆ. ಪದವಿಯ ಹೆಸರಿನಲ್ಲಿ ಸಿಎಇ ಎಂದು ಇಲ್ಲದ ಕಾರಣಕ್ಕೆ ಅವರಿಗೆ ಸಂದರ್ಶನದಲ್ಲಿ ಬಾಗಿಲು ಮುಚ್ಚುವುದಿಲ್ಲ. ತದ್ವಿರುದ್ಧವಾಗಿ ಸಿಎಇ ಎಂಬ ಹೆಸರು ಹೊತ್ತವರನ್ನು ಎಷ್ಟೋ ಸೇವಾ ಕಂಪನಿಗಳು ಮೊದಲ ದಿನದಿಂದಲೇ ಮೆಶ್ ಮಾಡುವ ಸಾಲಿಗೆ ಕೂರಿಸುತ್ತವೆ. ಬೇರೆ ದೇಶದ ಗ್ರಾಹಕರು ಕಳಿಸಿದ ಜ್ಯಾಮಿತಿಯನ್ನು ಶುದ್ಧಗೊಳಿಸಿ, ಎಲಿಮೆಂಟ್ ಗುಣಮಟ್ಟದ ಪಟ್ಟಿ ತುಂಬಿ, ಹಿಂದಿರುಗಿಸುವುದರಲ್ಲೇ ವರ್ಷಗಳು ಕಳೆಯುತ್ತವೆ. ಆ ಭಾಗ ಯಾವ ಯಂತ್ರಕ್ಕೆ ಸೇರಿದ್ದು, ಕೊನೆಗೆ ಪರೀಕ್ಷೆಯಲ್ಲಿ ಏನಾಯಿತು ಎಂಬುದು ಅವರ ಮೇಜಿಗೆ ಬರುವುದೇ ಇಲ್ಲ. ತಾನಾಗಿಯೇ ಮೆಶ್ ಮಾಡುವ ಸಾಫ್ಟ್‌ವೇರ್ ಸುಧಾರಿಸುತ್ತಿರುವಾಗ ಮೊದಲು ಕರಗುವುದು ಇದೇ ಕೆಲಸ. ಇಪ್ಪತ್ತೈದರ ವಯಸ್ಸಿನ ಬುದ್ಧಿವಂತ ಎಂಜಿನಿಯರ್‌ಗಳನ್ನು ಹೀಗೆ ಕೂರಿಸುವುದನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ.

ಸಾಧನದ ಕಲಿಕೆಗೆ ಈಗ ವಿಶ್ವವಿದ್ಯಾಲಯವೊಂದೇ ದಾರಿಯಾಗಿಯೂ ಉಳಿದಿಲ್ಲ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ, ಅಂತರ್ಜಾಲ ಪಾಠಗಳ ಯೋಜನೆ ಎನ್‌ಪಿಟಿಇಎಲ್‌ನಲ್ಲಿ ಫೈನೈಟ್ ಎಲಿಮೆಂಟ್ ಪಾಠಗಳನ್ನು ಉಚಿತವಾಗಿ ಕೇಳಬಹುದು. ದ್ರವಗಳ ಹರಿವಿಗೆ ಓಪನ್‌ಫೋಮ್, ಘನವಸ್ತುಗಳಿಗೆ ಕ್ಯಾಲ್ಕ್ಯುಲಿಕ್ಸ್ ದುಡ್ಡಿಲ್ಲದೆ ಸಿಗುತ್ತವೆ, ಮತ್ತು ಅವುಗಳ ಒಳಗಿನ ಕೋಡನ್ನೂ ತೆರೆದು ಓದಬಹುದು. ಎರಡು ವರ್ಷದ ಸಂಬಳ ಬಿಟ್ಟು ಕೂರುವ ಮೊದಲು ಎರಡು ವರ್ಷ ಡಿಸೈನ್ ಅಥವಾ ಟೆಸ್ಟಿಂಗ್ ವಿಭಾಗದಲ್ಲಿ ದುಡಿದು ಬಂದವರಿಗೆ ತಮಗೆ ಯಾವ ವಿಶ್ಲೇಷಣೆ ಬೇಕು ಎಂಬುದಾದರೂ ಸ್ಪಷ್ಟವಾಗಿರುತ್ತದೆ.

ಇಷ್ಟಾಗಿಯೂ ಸಿಎಇಯಲ್ಲೇ ಸೇರಬೇಕೆನ್ನುವವರು ಕಾಲೇಜಿನಲ್ಲಿ ಎಷ್ಟು ಸಾಫ್ಟ್‌ವೇರ್ ಪರವಾನಗಿಗಳಿವೆ ಎಂದು ಕೇಳುವುದಕ್ಕಿಂತ ಮೊದಲು, ಅಲ್ಲಿನ ವಿದ್ಯಾರ್ಥಿಗಳು ತಾವೇ ಮಾಡಿದ ಭಾಗಕ್ಕೆ ತಮ್ಮ ಕೈಯಿಂದಲೇ ಹಿಗ್ಗು ಕುಗ್ಗುಗಳನ್ನು ಅಳೆಯುವ ಸ್ಟ್ರೇನ್ ಗೇಜ್ ಅಂಟಿಸಿ, ಭಾರ ಹಾಕಿ, ಬಂದ ಅಳತೆಯನ್ನು ತಮ್ಮ ಲೆಕ್ಕದೊಂದಿಗೆ ಹೋಲಿಸುವ ಲ್ಯಾಬ್ ಇದೆಯೇ ಎಂದು ವಿಚಾರಿಸಲಿ. ಅಂಥ ಲ್ಯಾಬ್ ಇಲ್ಲದ ಕಡೆ ಸೇರುವುದನ್ನು ನಾವು ಖಂಡಿತ ಒಪ್ಪಲಾರೆವು.