ಹಳೇಬೀಡಿನ ಮ್ಯೂಸಿಯಂನಲ್ಲಿ ಬೈಲುಕುಪ್ಪೆಯವರೂ ಮಾತನಾಡಲಿ

ಹಾಸನದವರಿಗೆ ಬೈಲುಕುಪ್ಪೆ ಒಂದು ದಿನದ ಪ್ರವಾಸ. ಸ್ವರ್ಣ ಮಂದಿರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ, ಪುಟ್ಟ ಭಿಕ್ಷುಗಳ ಫೋಟೊವನ್ನು ಕೇಳದೆಯೇ ತೆಗೆಯುತ್ತೇವೆ, ಮೊಮೊ ತಿಂದು ಕತ್ತಲಾಗುವಷ್ಟರಲ್ಲಿ ಮನೆ ಸೇರುತ್ತೇವೆ. 1959ರ ನಂತರ ಟಿಬೆಟ್ ಬಿಟ್ಟು ಬಂದವರಿಗೆ 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಅಲ್ಲಿ ಭೂಮಿ ಕೊಟ್ಟಿತು. ನಿಜಕ್ಕೂ ದೊಡ್ಡ ಮನಸ್ಸಿನ ಕೆಲಸ. ಆದರೆ ಇಷ್ಟು ವರ್ಷಗಳಲ್ಲಿ ನಾವು ಅವರನ್ನು ನೋಡಿಕೊಂಡು ಬಂದೆವೇ ಹೊರತು, ನಮ್ಮ ಗುಡಿ, ಶಿಲ್ಪಗಳನ್ನು ನೋಡಿ ಅವರಿಗೆ ಏನನ್ನಿಸಿತು ಎಂದು ಯಾರು ಕೇಳಿದ್ದೇವೆ?

ನಿರಾಶ್ರಿತರಿಗೆ ಮ್ಯೂಸಿಯಂ ಟಿಕೆಟ್ ಮಾಫಿ ಮಾಡಿದರೆ ಸಾಲದು. ಅಲ್ಲಿರುವುದನ್ನು ವಿವರಿಸುವ ಕೆಲಸವನ್ನೂ ಅವರಿಗೆ ಕೊಡಬೇಕು, ಸಂಬಳ ಸಮೇತ.

ಬರ್ಲಿನ್‌ನ ಮ್ಯೂಸಿಯಂಗಳಲ್ಲಿ 2015ರಲ್ಲಿ ಮುಲ್ತಕಾ ಎಂಬ ಯೋಜನೆ ಶುರುವಾಯಿತು. ಸಿರಿಯಾ, ಇರಾಕ್‌ಗಳಿಂದ ಬಂದ ನಿರಾಶ್ರಿತರಿಗೇ ತರಬೇತಿ ಕೊಟ್ಟು ಗೈಡ್‌ಗಳನ್ನಾಗಿ ಮಾಡಿದರು. ಅವರು ತಮ್ಮಂತೆಯೇ ಬಂದವರನ್ನು ಕರೆದುಕೊಂಡು ಹೋಗಿ ಅರಬ್ಬಿಯಲ್ಲಿ ವಿವರಿಸತೊಡಗಿದರು. ಅಲ್ಲಿನ ಇಸ್ಲಾಮಿ ಕಲಾ ಸಂಗ್ರಹದಲ್ಲಿ ಅಲೆಪ್ಪೊ ನಗರದ ವರ್ತಕನೊಬ್ಬನ ಮನೆಯ ಕೋಣೆ ಇದೆ, ಹದಿನೇಳನೆಯ ಶತಮಾನದ ಆರಂಭದ್ದು, ಮರದ ಗೋಡೆಗಳ ತುಂಬ ಬಣ್ಣದ ಚಿತ್ರ. ಯುದ್ಧದಲ್ಲಿ ಅಲೆಪ್ಪೊ ಉರಿಯುತ್ತಿದ್ದ ವರ್ಷಗಳಲ್ಲಿ ಅಲೆಪ್ಪೊದವರು ಆ ಕೋಣೆಯ ಮುಂದೆ ನಿಂತಿದ್ದನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ. ಅದೇ ಯೋಜನೆಯಲ್ಲಿ ಜರ್ಮನಿಯ ಇತಿಹಾಸದ ಮ್ಯೂಸಿಯಂ ಕೂಡ ಸೇರಿತ್ತು. ಎರಡನೇ ಮಹಾಯುದ್ಧದಲ್ಲಿ ನೆಲಸಮವಾಗಿ ಮತ್ತೆ ಎದ್ದು ನಿಂತ ಊರುಗಳ ಕಥೆ ಅಲ್ಲಿತ್ತು. ಮನೆ ಕಳೆದುಕೊಂಡು ಬಂದವರಿಗೆ ಅದು ಬರೀ ಇತಿಹಾಸದ ಪಾಠವಲ್ಲ.

ಇನ್ನು ನಮ್ಮ ಹಳೇಬೀಡು. ಹೊಯ್ಸಳೇಶ್ವರನ ಬಾಗಿಲ ಬಳಿ ಗೈಡ್ ಎಂದಿನಂತೆ ಒಪ್ಪಿಸುತ್ತಿದ್ದರು: ಮಕರಕ್ಕೆ ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ. ಗುಂಪಿನಲ್ಲಿ ಚಳಿಗಾಲಕ್ಕೆ ಹಾಸನದಲ್ಲಿ ಸ್ವೆಟರ್ ಮಾರುವ ಟಿಬೆಟಿನ ಅಮ್ಮ ಒಬ್ಬರಿದ್ದರು. ಮಕರ ತೋರಣವನ್ನು ಬೆರಳಿನಿಂದ ಗಾಳಿಯಲ್ಲೇ ಬಿಡಿಸುತ್ತಾ, "ನಮ್ಮಲ್ಲಿ ಬುದ್ಧನ ಬೆನ್ನ ಹಿಂದೆಯೂ ಇದೇ ಇರುತ್ತದೆ. ಮೇಲೆ ಗರುಡ, ಎರಡು ಕಡೆ ಈ ಪ್ರಾಣಿ" ಎಂದು ಚೆನ್ನಾದ ಕನ್ನಡದಲ್ಲಿ ಹೇಳಿದರು. ಎಲ್ಲರೂ ಅವರತ್ತ ತಿರುಗಿದರು. ಹಾಸನದವನಾಗಿ ಚಿಕ್ಕಂದಿನಿಂದ ನೋಡಿದ ಆ ತೋರಣ ನನಗೆ ಅಂದು ಹೊಸದಾಗಿ ಕಂಡಿತು.

ಒಂದು ಎಚ್ಚರಿಕೆ. ವಿವರಿಸಲು ಬಂದ ನಿರಾಶ್ರಿತರನ್ನು ಕೂರಿಸಿಕೊಂಡು "ನಿಮ್ಮ ಕಷ್ಟ ಹೇಳಿ" ಎನ್ನಬಾರದು. ಮಕರದ ಬಗ್ಗೆ ಹೇಳಲು ಬಂದವರು ಮಕರದ ಬಗ್ಗೆಯೇ ಹೇಳಲಿ. ಒಪ್ಪಿಗೆಯಿಲ್ಲದೆ ಫೋಟೊವನ್ನೂ ತೆಗೆಯಬಾರದು, ಹೆಸರನ್ನೂ ಪ್ರಕಟಿಸಬಾರದು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಮ್ಮಲ್ಲಿ ಅವರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ಇಲ್ಲೇ ಹುಟ್ಟಿ ಬೆಳೆದ ಅನೇಕ ಟಿಬೆಟನ್ನರೂ ವಿದೇಶಿಯರ ನೋಂದಣಿ ಪತ್ರ ಇಟ್ಟುಕೊಂಡೇ ಓಡಾಡುತ್ತಾರೆ. ಪುರಾತತ್ವ ಇಲಾಖೆಯ ಟಿಕೆಟ್ ಇರುವ ಸ್ಮಾರಕಗಳಲ್ಲಿ ವಿದೇಶಿ ಪ್ರವಾಸಿಗಳಿಗೆ ದರ ಹೆಚ್ಚು. ಈ ಪತ್ರ ತೋರಿಸಿದವರಿಗೆ ಭಾರತೀಯರ ದರವೇ ಅನ್ವಯ ಎಂದು ಕೌಂಟರಿನ ಫಲಕದಲ್ಲಿ ಸ್ಪಷ್ಟವಾಗಿ ಬರೆಯಲಿ. ವಾದ ಮಾಡಿ ಒಳಗೆ ಹೋಗುವ ಸ್ಥಿತಿ ಯಾರಿಗೂ ಬರಬಾರದು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದವು. ಮುಂದೆ ಗೈಡ್‌ಗಳಿಗೆ ತರಬೇತಿ ಕೊಡುವಾಗ ಬೈಲುಕುಪ್ಪೆಯ ಒಬ್ಬಿಬ್ಬರು ಯುವಕ ಯುವತಿಯರಿಗೆ ಅವಕಾಶವಿರಲಿ. ಇಲಾಖೆಗೆ ಕೊಡಲು ಮನವಿ ಪತ್ರ ಬರೆದಿಟ್ಟಿದ್ದೇನೆ. ಹಾಸನ, ಚಿಕ್ಕಮಗಳೂರಿನ ಇತಿಹಾಸ ಅಧ್ಯಾಪಕರು ಸಹಿ ಹಾಕುವುದಾದರೆ ಪತ್ರ ಹಿಡಿದುಕೊಂಡು ನಾನೇ ಬರುತ್ತೇನೆ.