ನಮಗೇನೂ ಬ್ಯಾಡ್ರಿ, ಹುಡುಗಿ ಕೊಟ್ರ ಸಾಕು

ಹೋಮ್ ಲೋನ್ ಮಂಜೂರಾಗಿದೆ, ಅಭಿನಂದನೆಗಳು ಅಂತ ಬ್ಯಾಂಕಿನ ಮೆಸೇಜ್ ಬಂತು. ಖುಷಿಗೆ ರಾಯಲ್ ಸರ್ಕಲ್ ಹತ್ತಿರ ಒಂದು ಪ್ಲೇಟ್ ಮಿರ್ಚಿ ಜಾಸ್ತಿ ತಿಂದೆ. ಮಿರ್ಚಿಗೆ ಎಷ್ಟು ಅಂತ ತಿನ್ನುವ ಮೊದಲೇ ಗೊತ್ತಿತ್ತು. ಸಾಲದ್ದು ಇನ್ನೂ ಪೂರ್ತಿ ಗೊತ್ತಾಗಿಲ್ಲ.

ಮನೆ ನೋಂದಣಿ ಶುಲ್ಕದ ಕಥೆ ನಿಮಗೆ ಹೊಸದಲ್ಲ. 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಯಿತು. 45 ಲಕ್ಷ ದಾಟಿದ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ಹೊಟ್ಟೆ ಉರಿಯುತ್ತೆ, ನಿಜ. ಆದರೆ ಸರ್ಕಾರ ಮುಖಕ್ಕೆ ಹೇಳಿಯೇ ಕಿತ್ತುಕೊಳ್ಳುತ್ತೆ. ಬ್ಯಾಂಕು ಹಾಗಲ್ಲ, ಅದು ಗಂಡಿನ ಕಡೆಯವರ ಥರ.

ನಮ್ಮ ಬಳ್ಳಾರಿ ಕಡೆ ಸಂಬಂಧ ಕುದುರುವಾಗ ಗಂಡಿನ ತಂದೆ ಹೇಳ್ತಾರಲ್ವಾ, "ನಮಗೇನೂ ಬ್ಯಾಡ್ರಿ, ಹುಡುಗಿ ಕೊಟ್ರ ಸಾಕು" ಅಂತ? ಎಂಥ ದೊಡ್ಡ ಮನಸ್ಸು ಅಂದುಕೊಂಡು ಚಹಾ ಕುಡಿದು ಬರ್ತೀವಿ. ಮರುದಿನ ಫೋನ್: ಹಾಲ್ ಮಾತ್ರ ಎಸಿ ಇರ್ಲಿ. ನಾಲ್ಕು ದಿನಕ್ಕೆ ಸೋದರಮಾವನ ಫೋನ್: ಹುಡುಗಗ ನೀವು ಪ್ರೀತಿಯಿಂದ ಏನ್ ಹಾಕಿದ್ರೂ ಸರಿ, ಎರಡು ತೊಲಿ ಚೈನಾದ್ರೂ ನಡೀತದ. ಲಗ್ನಪತ್ರಿಕೆ ಹಂಚಿದ ಮೇಲೆ ಬೈಕು. ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ ನಮ್ಮ ದೊಡ್ಡಪ್ಪ, "ಏನೂ ಬ್ಯಾಡ ಅಂದವ್ರನ್ನ ಕಂಡ್ರ ಮೊದ್ಲು ಕಿಸೆ ಮುಟ್ಟಿ ನೋಡ್ಕೊ" ಅಂತಿದ್ದರು.

ಬ್ಯಾಂಕು ಹೇಳಿದ್ದು, ಪ್ರೊಸೆಸಿಂಗ್ ಫೀ ಸೊನ್ನೆ. ನಾನು ಕಿಸೆ ಮುಟ್ಟಿ ನೋಡಲಿಲ್ಲ. ವಕೀಲರ ಒಪಿನಿಯನ್‌ಗೆ ಒಂದು ಫೀ. ಎಂಜಿನಿಯರ್ ಬಂದು ಗೋಡೆಯ ಫೋಟೊ ಹೊಡೆದದ್ದಕ್ಕೆ ಇನ್ನೊಂದು. ನಮ್ಮದೇ ಪತ್ರ ಅವರ ಹತ್ತಿರ ಅಡವಿಟ್ಟದ್ದಕ್ಕೂ ನಾವೇ ಕೊಡಬೇಕು. ಚೀಟಿಯಲ್ಲಿ ನನಗೆ ತುಂಬ ಹಿಡಿಸಿದ ಸಾಲು, 'ಸೆರ್ಸಾಯ್ ಇತ್ಯಾದಿ: 2,360.' ಸೆರ್ಸಾಯ್ ಅಂದರೆ ಅಡವನ್ನು ದಾಖಲಿಸುವ ಕೇಂದ್ರ ನೋಂದಣಿ. ಅದರ ದರ, 5 ಲಕ್ಷ ದಾಟಿದ ಸಾಲಕ್ಕೆ, 100 ರೂಪಾಯಿ. ಮೇಲೆ ಜಿಎಸ್‌ಟಿ. ಉಳಿದದ್ದೆಲ್ಲ 'ಇತ್ಯಾದಿ'. ಏನ್ರೀ ಇದು ಅಂದರೆ, "ಸಿಸ್ಟಮ್ ತಗೊಳುತ್ತೆ ಸರ್."

ಇದಕ್ಕೇ ಅಲ್ವಾ ರಿಸರ್ವ್ ಬ್ಯಾಂಕು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅಂತ ತಂದದ್ದು? 2024ರ ಏಪ್ರಿಲ್‌ನಲ್ಲಿ ಸುತ್ತೋಲೆ, ಅಕ್ಟೋಬರ್ 1ರಿಂದ ಕಡ್ಡಾಯ. ಬಡ್ಡಿ, ಫೀ, ಇನ್ಶೂರೆನ್ಸ್ ಎಲ್ಲ ಸೇರಿಸಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತೆ ಅಂತ ಬರೆಯಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದರಲ್ಲಿಲ್ಲದ ಫೀಯನ್ನು ಅವನ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಯೋಚಿಸೋಕೆ ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು.

ನನಗೂ ಕೊಟ್ಟರು. ಇಂಗ್ಲಿಷಿನಲ್ಲಿ, ಕಡತದ ನಡುವೆ ಪಿನ್ ಹೊಡೆದು, ರಿಜಿಸ್ಟ್ರೇಶನ್‌ಗೆ ಹೊರಡುವ ಅರ್ಧ ಗಂಟೆ ಮೊದಲು. ಪೆನ್ಸಿಲ್‌ನಲ್ಲಿ ಇಂಟು ಮಾರ್ಕ್ ಹಾಕಿದಲ್ಲೆಲ್ಲ ಸಹಿ. "ಇಲ್ಲಿ ಸರ್, ಇಲ್ಲೊಂದು, ಇದರ ಹಿಂದೊಂದು." ಅದರಲ್ಲೊಂದು, ನನಗೆ ಎಲ್ಲ ಓದಿ ವಿವರಿಸಿದ್ದಾರೆ ಅನ್ನುವುದಕ್ಕೆ. ಇನ್ನೊಂದು, ಇನ್ಶೂರೆನ್ಸ್ ನಾನೇ ಇಷ್ಟಪಟ್ಟು ಕೇಳಿದ್ದೇನೆ ಅನ್ನುವುದಕ್ಕೆ. ಪ್ರೀಮಿಯಂ 61,000. ಅದನ್ನೂ ಸಾಲಕ್ಕೇ ಸೇರಿಸಿದ್ದಾರೆ, 20 ವರ್ಷ ಬಡ್ಡಿ ಕಟ್ಟೋಕೆ.

ಇನ್ನು ನಗು ಬರ್ತಿಲ್ಲ. ಈ ಲೆಕ್ಕ ಮೊದಲ ದಿನವೇ ಅವರ ಕಂಪ್ಯೂಟರಿನಲ್ಲಿತ್ತು. ಮನೆ ಮಾರುವವನಿಗೆ ನಾವು ಅಡ್ವಾನ್ಸ್ ಕೊಟ್ಟು ಹಿಂದೆ ಸರಿಯೋಕಾಗದ ದಿನಕ್ಕೆ ಕಾದು ತೋರಿಸಿದರು. ನಾನಾದರೂ ಜಗಳವಾಡಿದೆ. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿದು ಮನೆಗೆ ಅಂತ ಕೂಡಿಟ್ಟವನು ಕೊನೇ ಗಳಿಗೆಯಲ್ಲಿ ಇದಕ್ಕೆಲ್ಲ ಅಂತ ಒಂದೂವರೆ ಲಕ್ಷ ಎಲ್ಲಿಂದ ತರಬೇಕು?

ನಾನು ತಂದದ್ದು ಹೆಂಡತಿಯ ಚೈನ್ ಇಟ್ಟು. ಆ ಗೋಲ್ಡ್ ಲೋನಿಗೂ ಪ್ರೊಸೆಸಿಂಗ್ ಫೀ ಸೊನ್ನೆಯಂತೆ.